ದೇವವ್ವನ ಉಡಿ ಅಕ್ಕಿ

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂದಾನೆಪ್ಪ ಒಳ್ಳೆಯವನೇ. ಆದರೆ ಒಳ್ಳೆಯತನವೂ ಅರ್ಧ ಬೆಲೆಗೆ ಸಿಕ್ಕರೆ ಮಾತ್ರ ಕೊಳ್ಳುವವನು. ಎರಡು ಸಾವಿರದ ನಾಲ್ಕನೆಯ ಇಸವಿಯ ಸಂಕ್ರಾಂತಿಯ ಹೊತ್ತಿಗೆ ಅದು ಹಾಗೆಯೇ ಸಿಕ್ಕಿತು. ಜೇಲಿನಿಂದ ಬಿಡುಗಡೆಯಾದವರಿಗೆ ಕೆಲಸ ಕೊಟ್ಟರೆ ಆರು ತಿಂಗಳು ಅವರ ಅರ್ಧ ಪಗಾರ ನಾವು ಕೊಡುತ್ತೇವೆಂದು ಹಾವೇರಿಯ ಒಂದು ಸಂಸ್ಥೆಯವರು ಪೇಟೆಯ ಅಂಗಡಿ ಅಂಗಡಿ ತಿರುಗಿದರು. ಉಳಿದ ಸಾವಕಾರರು ಚಹಾ ಕುಡಿಸಿ ಸಾಗಹಾಕಿದರು. ಅಂದಾನೆಪ್ಪ ಮಾತ್ರ ಗಲ್ಲ ಕೆರೆದುಕೊಂಡು ಹೂಂ ಅಂದ. ಹಾಗೆ ಬಂದವಳು ಮೇಡ್ಲೇರಿಯ ದೇವವ್ವ.

ಅವಳು ಮಾಡಿದ್ದು ಸಣ್ಣ ತಪ್ಪಲ್ಲ. ಹೊಲದ ಬದುವಿನ ಜಗಳದಲ್ಲಿ ಸಿಟ್ಟು ನೆತ್ತಿಗೇರಿ, ಕೈಗೆ ಸಿಕ್ಕ ಬಡಿಗೆಯನ್ನು ಮೈದುನನ ತಲೆಗೆ ಬೀಸಿದ್ದಳು. ಆತ ಮತ್ತೆ ಏಳಲಿಲ್ಲ. ಬೆಳಗಾವಿಯ ಜೇಲಿನಲ್ಲಿ ಅವಳ ಪ್ರಾಯವೆಲ್ಲ ಕಳೆಯಿತು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ಬಿಡುಗಡೆಯಾದ ದಿನ ಬೇರೆ ದಿಕ್ಕು ತೋಚದೆ ಮೇಡ್ಲೇರಿಗೇ ಹೋದಳು. ಹೊಟ್ಟೆಯ ಮಗನನ್ನು ಕಳೆದುಕೊಂಡ ಅತ್ತೆ ಗುಡ್ಡವ್ವ ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದಳು. ಮುದುಕಿ ಎರಡನ್ನೂ ಮಾಡಲಿಲ್ಲ. ಒಳಗೆ ಕರೆದು ಉಣ್ಣಲಿಕ್ಕೆ ಹಾಕಿದಳು. ಮಣೆಯ ಮೇಲೆ ಕೂರಿಸಿ ಅಕ್ಕಿ, ಕಾಯಿ, ಉತ್ತತ್ತಿ, ಕುಬಸದ ಖಣ ಇಟ್ಟು ಉಡಿ ತುಂಬಿದಳು. ಆಮೇಲೆ ಬಸ್ಸಿನವರೆಗೆ ತಾನೇ ಬಂದಳು.

"ಹೋಗಿ ಬಾ ಅನ್ನಾಕ ನನಗ ಆಗಂಗಿಲ್ಲವ್ವಾ. ಹೋಗು. ಎಲ್ಲೆರ ಚಂದಾಗಿರು."

ಬೈದಿದ್ದರೆ ದೇವವ್ವನಿಗೆ ಹಗುರಾಗುತ್ತಿತ್ತು. ಉಡಿಯ ಅಕ್ಕಿಯನ್ನು ಹೆಣ್ಣುಮಗಳು ಸಿಹಿ ಮಾಡಿ ತನ್ನವರಿಗೆ ಹಂಚಿ ಉಣ್ಣಬೇಕು. ತನ್ನವರು ಅನ್ನುವವರು ಯಾರೂ ಇಲ್ಲದ್ದರಿಂದ ಆ ಅಕ್ಕಿ ಗಂಟು ಕಟ್ಟಿದ್ದು ಕಟ್ಟಿದಂತೆಯೇ ಅವಳ ಚೀಲದ ತಳ ಸೇರಿತು.

ಅಂದಾನೆಪ್ಪನ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಹೆಂಗಸರು ಸುತ್ತುಗಟ್ಟಿ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಕೂರುವ ಮೊದಲು ಕೈಗೆ ಎಣ್ಣೆ ಸವರಿಕೊಳ್ಳಬೇಕು. ಮೊದಲ ದಿನ ಅದನ್ನು ದೇವವ್ವನಿಗೆ ಯಾರೂ ಹೇಳಲಿಲ್ಲ. ಸಂಜೆಯ ಹೊತ್ತಿಗೆ ಅಂಗೈಗೆ ಬೆಂಕಿ ಬಿದ್ದಂತಾಗಿತ್ತು. ಆದರೂ ಹಲ್ಲು ಕಚ್ಚಿಕೊಂಡು ಕೂತಿದ್ದಳು. ಅವರಲ್ಲಿ ಹಿರಿಯಳಾದ ಗದಿಗೆವ್ವ ನೋಡಲಾರದೆ ತನ್ನ ಮಜ್ಜಿಗೆಯ ಚೊಂಬನ್ನೇ ಅವಳ ಕೈಮೇಲೆ ಸುರಿದಳು.

"ಉರೀತಂದ್ರ ಬಾಯಿ ಬಿಟ್ಟು ಹೇಳಬೇಕು. ಮೂಕಿ ಏನು ನೀನು?"

ಮರುದಿನದಿಂದ ದೇವವ್ವನೂ ಒಂದು ಎಣ್ಣೆಯ ಸೀಸೆ ಇಟ್ಟುಕೊಂಡಳು. ಕೆಲಸ ಕೈಗೆ ಹತ್ತಿತು, ಹೆಂಗಸರ ಚೇಷ್ಟೆಗೆ ನಗುವುದೂ ಬಂತು. ಆದರೆ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಮಾತ್ರ ಅವಳು ಬೇರೆಯವಳಾಗಿಬಿಡುತ್ತಿದ್ದಳು. ಎಲ್ಲರೂ ಎಲ್ಲರ ಬುತ್ತಿಗೂ ಕೈ ಹಾಕುವವರು. ಅವಳ ರೊಟ್ಟಿಯ ಮೇಲೂ ಚಟ್ನಿ, ಪಲ್ಯ ಬಂದು ಬೀಳುತ್ತಿದ್ದವು. ಅವಳ ಬುತ್ತಿಯಿಂದ ಮಾತ್ರ ಯಾರೂ ಒಂದು ಚೂರು ಮುರಿದುಕೊಳ್ಳುತ್ತಿರಲಿಲ್ಲ. ಕೊಲೆ ಮಾಡಿದ ಕೈಯ ಅಡಿಗೆ ಎಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ, ಅಷ್ಟಾದರೂ ದೊಡ್ಡದೇ. ಮಜ್ಜಿಗೆ ಸುರಿದ ಗದಿಗೆವ್ವನೂ "ನಂದ ಭಾಳ ಐತಿ" ಎಂದು ಜಾರಿಕೊಳ್ಳುತ್ತಿದ್ದಳು.

ಮಳೆಗಾಲ ಬಂತು, ಪೇಟೆಗೆ ಮಾಲು ಬರುವುದು ಕಡಿಮೆಯಾಯಿತು. ಸಂಸ್ಥೆಯವರು ಕೊಡುವ ಅರ್ಧ ಪಗಾರವೂ ಮುಗಿಯುತ್ತ ಬಂತು. ಒಂದು ಗುರುವಾರ ನೀರು ಕುಡಿಯಲು ಹೋದ ದೇವವ್ವನ ಕಿವಿಗೆ, ಅಂದಾನೆಪ್ಪ ತನ್ನ ಹೆಂಡತಿ ಪ್ರೇಮವ್ವನಿಗೆ ಹೇಳುತ್ತಿದ್ದ ಮಾತು ಬಿತ್ತು.

"ಸಂಸ್ಥೇದವರು ಕೊಡೂದು ಈ ವಾರಕ್ಕ ಮುಗೀತು. ಮಾಲೂ ಇಲ್ಲ. ದೇವವ್ವಗ ನೀನ ಹೇಳಿಬಿಡು, ನನಗ ಬಾಯಿ ಬರವೊಲ್ದು."

ಮುಂದಿನದನ್ನು ಕೇಳಲಿಕ್ಕೆ ಅವಳು ಅಲ್ಲಿ ನಿಲ್ಲಲಿಲ್ಲ.

ಪ್ರೇಮವ್ವ ಮಾತು ಕಡಿಮೆಯ ಹೆಂಗಸು. ಬಾಯಿಂದ ಹೇಳಬೇಕಾದ್ದನ್ನು ಕೈಯಿಂದ ಮಾಡಿ ಮುಗಿಸುವವಳು. ಶುಕ್ರವಾರ ಸಂಜೆ ದೇವವ್ವನನ್ನು ಒಳಗೆ ಕರೆದಳು. ಅಂದಾನೆಪ್ಪನ ಕಣ್ಣೆದುರಿಗೇ ಮಣೆ ಹಾಕಿ ಕೂರಿಸಿ, ಹಣೆಗೆ ಕುಂಕುಮ ಹಚ್ಚಿ, ಸೆರಗಿನ ತುಂಬ ಅಕ್ಕಿ, ಕಾಯಿ, ಬೆಲ್ಲ, ಹಸಿರು ಖಣ ಇಟ್ಟು ಉಡಿ ತುಂಬಿದಳು. ದೇವವ್ವನಿಗೆ ಎಲ್ಲ ತಿಳಿದುಹೋಯಿತು. ಮೇಡ್ಲೇರಿಯಲ್ಲಿ ಆದದ್ದೇ ಇಲ್ಲಿಯೂ ಆಯಿತು. ಒಳ್ಳೆಯವರು ಹೊರಗೆ ಹಾಕುವುದು ಹೀಗೆಯೇ ಎಂದುಕೊಂಡಳು. ಕಾಲಿಗೆರಗಿ, "ನಿಮ್ಮ ಉಪಕಾರ ಮರಿಯಂಗಿಲ್ರೀ ಅಕ್ಕಾರ" ಅಂದಳು. ಪ್ರೇಮವ್ವ ನಕ್ಕು ತಲೆ ಸವರಿದಳು.

ಹೋಗುವಾಗ ಎಣ್ಣೆಯ ಸೀಸೆಯನ್ನು ಗದಿಗೆವ್ವನ ಕೈಗಿಟ್ಟಳು.

"ಇದು ನಿಮ್ಮ ಕಡೆ ಇರ್ಲಿ. ನಾ ನಾಳೆ ರಾಣೇಬೆನ್ನೂರಿಗೆ ಹೋಕ್ಕೇನಿ. ಬೀಜದ ಗೋದಾಮಿನ್ಯಾಗ ಕೆಲಸ ಸಿಗತೈತೇನೋ ನೋಡ್ತೇನಿ."

ಶನಿವಾರ ಬೆಳಗ್ಗೆ ಮೋಟೆಬೆನ್ನೂರಿನ ಹೈವೇಯಲ್ಲಿ ಮರದ ಕೆಳಗೆ ಕೂತಳು. ರಾಣೇಬೆನ್ನೂರಿನ ಬಸ್ಸು ಬಂತು, ಕೈ ಮಾಡಲಿಲ್ಲ. ಇನ್ನೊಂದು ಬಂತು, ಅದಕ್ಕೂ ಮಾಡಲಿಲ್ಲ. ಅರ್ಧ ಪಗಾರದ ಆಸರೆ ಇಲ್ಲದೆ ಜೇಲಿಗೆ ಹೋಗಿ ಬಂದವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಅಷ್ಟರಲ್ಲಿ ಬ್ಯಾಡಗಿಯ ಕಡೆಯಿಂದ ಒಂದು ಟಂಟಂ ಆಟೊ ಬಂದು ನಿಂತಿತು. ಅದರಿಂದ ಇಳಿದವಳು ಹೊಸ್ತಿಲು ದಾಟುವುದೇ ಅಪರೂಪವಾದ ಪ್ರೇಮವ್ವ. ಹಿಂದೆ, ಇಡೀ ಟಂಟಂ ಬಾಡಿಗೆಗೆ ಹಿಡಿಯಬೇಕಾಗಿ ಬಂದ ಮುಖ ಹೊತ್ತ ಅಂದಾನೆಪ್ಪ.

"ಎಲ್ಲಿಗೆ ಹೊಂಟೀಯವ್ವಾ?" ಪ್ರೇಮವ್ವ ಬಂದವಳೇ ಅವಳ ಚೀಲ ಹಿಡಿದಳು. "ಗದಿಗೆವ್ವ ಬಂದು ಸೀಸೆ ತೋರಿಸಿದ ಮ್ಯಾಲೆ ನನಗ ತಿಳೀತು."

"ನೀವು ಉಡಿ ತುಂಬಿ ಕಳಿಸಿದ್ರಲ್ರೀ ಅಕ್ಕಾರ."

"ಕಳಿಸಾಕ ಯಾರು ತುಂಬಿದ್ರು? ಇವರು ಕಳಿಸು ಅಂದ್ರು, ನಾ ಒಲ್ಲೆ ಅಂದೆ. ಆಕಿ ನಮ್ಮ ಮನಿ ಮಗಳು ಅಂತ ಇವರ ಕಣ್ಣ ಮುಂದ ಉಡಿ ತುಂಬಿದೆ. ಮಗಳ ಉಡಿ ತುಂಬಿದ ಮ್ಯಾಲೆ ಪಗಾರ ಅರ್ಧ ಆತು, ಪೂರಾ ಆತು ಅಂತ ಇವರು ಹ್ಯಾಂಗ ಬಾಯಿ ತಗೀತಾರ?"

ಅಂದಾನೆಪ್ಪ ಹೈವೇಯ ಲಾರಿಗಳನ್ನು ನೋಡುತ್ತ ನಿಂತಿದ್ದ. "ಲಗೂ ಹತ್ತವ್ವಾ," ಅಂದ ಕೊನೆಗೆ. "ಟಂಟಂದವ ನಿಂತಿದ್ದಕ್ಕೂ ರೊಕ್ಕಾ ಕೇಳ್ತಾನ."

ದೇವವ್ವ ಅಳುತ್ತಲೇ ಹತ್ತಿದಳು. ದಾರಿಯಲ್ಲಿ ಚೀಲದೊಳಗಿನ ಎರಡು ಗಂಟು ನೋಡಿ ಪ್ರೇಮವ್ವ, ಹಳೆಯದು ಯಾವುದೆಂದು ಕೇಳಿದಳು.

"ಮೇಡ್ಲೇರೀದುರಿ. ಬೇಯಿಸಿದ್ರ ಉಣಸೂದು ಯಾರಿಗೆ ಅಂತ ಹಂಗ ಇಟ್ಟೇನಿ."

ಸೋಮವಾರ ನಸುಕಿನಲ್ಲಿ ಪ್ರೇಮವ್ವ ಅವಳನ್ನು ತನ್ನ ಅಡಿಗೆಮನೆಗೇ ಕರೆದಳು. ದೇವವ್ವ ಹಳೆಯ ಅಕ್ಕಿಯ ಹುಳ ಆರಿಸಿ, ತೊಳೆದು, ಹೊಸದರ ಜೊತೆ ಬೆರೆಸಿ, ಬೆಲ್ಲ, ಕಾಯಿ ಹಾಕಿ ಹುಗ್ಗಿ ಮಾಡಿದಳು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಪಾತ್ರೆ ಹಿಡಿದು ಬಂದವಳಿಗೆ ಕಾಲು ಮುಂದೆ ಬರಲಿಲ್ಲ. ಗದಿಗೆವ್ವ ಸೀರೆಗೆ ಕೈ ಒರೆಸಿಕೊಂಡು ಅಂಗೈ ಚಾಚಿದಳು.

"ಹಾಕವ್ವಾ. ಎಷ್ಟೊತ್ತು ನಿಂದ್ರತಿ? ಹಸಿವಾಗೇತಿ."

ಆಮೇಲೆ ಒಂದೊಂದೇ ಅಂಗೈ, ಒಂದೊಂದೇ ತಟ್ಟೆ ಮುಂದೆ ಬಂದವು. ವಾಸನೆ ಹಿಡಿದು ಬಂದ ಅಂದಾನೆಪ್ಪ "ನನಗ ಅರ್ಧಾ ಸಾಕು" ಅಂದ.

"ಪೂರಾ ಹಾಕು ದೇವವ್ವಾ," ಎಂದಳು ಪ್ರೇಮವ್ವ ಬಾಗಿಲಲ್ಲೇ ನಿಂತು. "ಆ ಅರ್ಧದ ಚಟಾ ಇವತ್ತಿಗೆ ಬಿಡ್ಲಿ."

ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ದೇವವ್ವ ಕೂರುವ ಹೊತ್ತಿಗೆ ಪಾತ್ರೆ ಬರಿದಾಗಿತ್ತು. ತನಗೆ ಒಂದು ತುತ್ತೂ ಉಳಿಯಲಿಲ್ಲವೆಂದು ಅವಳಿಗೆ ಆದಷ್ಟು ಸಂತೋಷ ಜೀವಮಾನದಲ್ಲಿ ಎಂದೂ ಆಗಿರಲಿಲ್ಲ.