ಪ್ರಸಾದದ ಕೆಳಗಿನ ಪ್ರಶ್ನೆಪತ್ರಿಕೆ

ಅಮೆರಿಕದ ಹಿಲ್ಸ್‌ಬರೋದ ಒಂದು ಮನೆಯ ಸತ್ಯನಾರಾಯಣ ಪೂಜೆಯಲ್ಲಿ ನನಗೆ ಪ್ರಸಾದದ ಜೊತೆ ಪ್ರಶ್ನೆಪತ್ರಿಕೆಯೂ ಸಿಕ್ಕಿತು. ಕೊಟ್ಟವರು ಮನೆಯ ಯಜಮಾನರೇ, ಧಾರವಾಡದ ಕಡೆಯ ಅಂಕಲ್. ಕಂದು ಕಾಗದದ ಚೀಲ, ಅದರಲ್ಲಿ ಸಜ್ಜಿಗೆಯ ಡಬ್ಬಿ. ಅಡುಗೆಮನೆ ಕಡೆ ಒಂದು ಸಲ ಕಣ್ಣು ಹಾಯಿಸಿ, ದನಿ ತಗ್ಗಿಸಿದರು.

“ಡಬ್ಬಿ ಕೆಳಗ ಹಾಳಿ ಅದಾವ. ಮನಿಗೆ ಹೋಗಿ ನೋಡು. ಇಲ್ಲೇ ತಗೀಬ್ಯಾಡ ಮತ್ತ.”

“ಏನು ಹಾಳೆ ಅಂಕಲ್?”

“ಪರೀಕ್ಷಾದ್ದು, ತಂಗಿ. ನಿಮ್ಮ ಆಂಟಿಗೆ ಹೇಳಬ್ಯಾಡ.”

ಪರೀಕ್ಷೆ ಅಂದರೆ ಹ್ಯಾಮ್ ರೇಡಿಯೊ ಲೈಸೆನ್ಸ್‌ನ ಪರೀಕ್ಷೆ. ಮನೆಯಲ್ಲೇ ಕೂತು ರೇಡಿಯೊದಲ್ಲಿ ಇನ್ನೊಬ್ಬರ ಜೊತೆ ಮಾತಾಡುವ ಹವ್ಯಾಸ ಅದು. ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ಮಾತಾಡುವುದಕ್ಕೆ ಮಾತ್ರ ಪರೀಕ್ಷೆ ಬರೆದು ಸರ್ಕಾರದಿಂದ ಲೈಸೆನ್ಸ್ ತೆಗೆದುಕೊಳ್ಳಬೇಕು.

ಎರಡು ಸಾವಿರದ ಇಸವಿ ಹುಟ್ಟಿದರೆ ಕಂಪ್ಯೂಟರೆಲ್ಲ ಕೆಡುತ್ತವೆ ಅನ್ನುವ ವೈಟುಕೆ ಗಲಾಟೆ ಮುಗಿದು ಕೆಲವು ತಿಂಗಳಾಗಿತ್ತು. ಇವರು, ಅಂದರೆ ನನ್ನ ಗಂಡ, ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟು ರೈಲಲ್ಲಿ ಮ್ಯಾನ್‌ಹಟನ್‌ಗೆ ಕಮ್ಯೂಟ್ ಮಾಡುತ್ತಿದ್ದರು. ನನ್ನದು ಡಿಪೆಂಡೆಂಟ್ ವೀಸಾ, ಕೆಲಸ ಮಾಡುವ ಹಾಗಿಲ್ಲ. ಮನೆಯ ಲೀಸ್, ಫೋನು, ಬ್ಯಾಂಕು ಎಲ್ಲ ಇವರ ಹೆಸರಲ್ಲಿ. ಕನ್ನಡ ಸಂಘದ ಪಟ್ಟಿಯಲ್ಲೂ ನಾನು ಇವರ ಹೆಸರಿನ ಹಿಂದೆ ಇರುವ ‘ಮಿಸೆಸ್’ ಅಷ್ಟೆ. ಟಪಾಲು ಡಬ್ಬಿಯಲ್ಲಿ ನನ್ನ ಹೆಸರಿಗೆ ಒಂದು ಜಾಹೀರಾತು ಕೂಡ ಬರುತ್ತಿರಲಿಲ್ಲ. ಲೈಸೆನ್ಸ್ ಬಂದರೆ ಈ ದೇಶದಲ್ಲಿ ನನ್ನೊಬ್ಬಳ ಹೆಸರಿನ ಮೊದಲನೇ ಕಾಗದ ಅದಾಗುತ್ತಿತ್ತು. ನನಗೆ ಬೇಕಾಗಿದ್ದದ್ದು ಅದೇ.

ನಾನು ಓದಿದ್ದು ಬಿ.ಕಾಂ. ಆದರೆ ಮೈಸೂರಿನಲ್ಲಿದ್ದಾಗಲೇ ಟ್ರಾನ್ಸಿಸ್ಟರ್ ಬಿಚ್ಚಿ, ಕೆಡಿಸಿ, ಲೈಬ್ರರಿ ಪುಸ್ತಕ ನೋಡಿ ಸರಿ ಮಾಡುವ ಚಟ ಹತ್ತಿತ್ತು. ಇಲ್ಲಿ ಒಂದು ಗರಾಜ್ ಸೇಲ್‌ನಲ್ಲಿ ಹಳೇ ಸ್ಕ್ಯಾನರ್ ಸಿಕ್ಕಿತು. ಊರಿನ ರೇಡಿಯೊ ಮಾತುಗಳನ್ನೆಲ್ಲ ಹುಡುಕಿ ಹುಡುಕಿ ಕೇಳಿಸುವ ಡಬ್ಬ ಅದು. ಅದರಲ್ಲಿ ಗುರುವಾರ ಸಾಯಂಕಾಲ ಏಳು ಗಂಟೆಗೆ ಹತ್ತು ಹನ್ನೆರಡು ಜನ ಸರದಿಯ ಮೇಲೆ ಮಾತಾಡುವುದು ಕೇಳಿಸುತ್ತಿತ್ತು. ಹವಾಮಾನ, ಆಂಟೆನಾ, ಮಂಡಿನೋವು. ಒಂದು ಸಲ ಅವರಲ್ಲೊಬ್ಬರು “ಗುಡ್ ಈವ್ನಿಂಗ್ ಜೆಂಟಲ್‌ಮೆನ್” ಅನ್ನುವಾಗ ಹಿಂದೆ ಪ್ರೆಷರ್ ಕುಕ್ಕರ್ ಕೂಗಿತು.

“ರೀ, ಇದು ನಮ್ಮವರ ಮನೆ!” ಅಂದೆ.

“ಗುಜರಾತಿನವರೂ ಕುಕ್ಕರ್ ಇಡ್ತಾರೆ ಕಣೆ,” ಅಂದರು ಇವರು.

ಕನ್ನಡ ಸಂಘದ ಬೇಸಿಗೆಯ ಪಿಕ್ನಿಕ್ಕಿನಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಿದ್ದಾಗ ಅದೇ ದನಿ ನನ್ನ ಹಿಂದೆ ಉಪ್ಪಿನಕಾಯಿ ಕೇಳಿತು. ತಿರುಗಿ ನೋಡಿ, “ಗುರುವಾರ ಏಳು ಗಂಟೆಗೆ ನಿಮ್ಮನೇಲಿ ಕುಕ್ಕರ್ ಇಡ್ತಾರಲ್ವಾ ಅಂಕಲ್?” ಅಂದೆ. ಅವರು ತಟ್ಟೆ ಹಿಡಿದುಕೊಂಡೇ ಒಂದು ಹೆಜ್ಜೆ ಹಿಂದೆ ಸರಿದರು. ಪರಿಚಯ ಆದದ್ದು ಹಾಗೆ. ಪರೀಕ್ಷೆ ಬರೆಯುವ ಆಸೆ ಹೇಳಿಕೊಂಡದ್ದೂ ಆಗಲೇ. ಪೂಜೆಗೆ ಕರೆದದ್ದು ಆ ಪರಿಚಯದ ಮೇಲೆ.

ಹಾಳೆಗಳು ಬೆರಳು ದಪ್ಪ ಇದ್ದವು. ಪ್ರಶ್ನೆ, ಕೆಳಗೆ ನಾಲ್ಕು ಉತ್ತರ, ಪಕ್ಕದಲ್ಲಿ ಸರಿಯುತ್ತರದ ಅಕ್ಷರ. ನಾನು ಅದನ್ನು ಗೈಡು ಅಂದುಕೊಂಡೆ. ನಮ್ಮ ಕಡೆ ಅಂಗಡಿಯಲ್ಲಿ ಮಾರುತ್ತಾರಲ್ಲ, ಬಂದರೂ ಬರಬಹುದು, ಬರದೆಯೂ ಇರಬಹುದು ಅನ್ನುವ ಮಾದರಿ ಪ್ರಶ್ನೆಗಳು, ಆ ತರಹ. ನನ್ನ ಹತ್ತಿರ ಲೈಬ್ರರಿಯವರು ಬೇಡವೆಂದು ಹೊರಗಿಟ್ಟಿದ್ದ ಒಂದು ಪಠ್ಯಪುಸ್ತಕವೂ ಇತ್ತು. ಅದರ ಕೊನೆಯ ಭಾಗವನ್ನು ಯಾರೋ ನೀಟಾಗಿ ಕತ್ತರಿಸಿಕೊಂಡು ಹೋಗಿದ್ದರು. ಪಾಠ ಅದರಲ್ಲಿ, ಅಭ್ಯಾಸ ಇದರಲ್ಲಿ ಅಂತ ನಾಲ್ಕು ದಿನ ಓದಿದೆ. ಮೂರನೇ ಒಂದು ಭಾಗ ಮುಗಿದಿತ್ತು.

ಐದನೇ ದಿನ ಇವರು ಕೆಲಸದಿಂದ ಬಂದು ಆನ್ಸರಿಂಗ್ ಮಷೀನ್ ಒತ್ತಿದರು. ಅಂಕಲ್ ದನಿ.

“ತಂಗಿ, ಹಾಳಿ ಓದ್ಲಿಕ್ಹತ್ತಿಯೋ ಇಲ್ಲೋ? ಅವೇ ಪ್ರಶ್ನಿ ಬರ್ತಾವ ನೋಡು. ಒಂದಕ್ಷರಾನೂ ಬದಲ್ ಇರಂಗಿಲ್ಲ. ಎಲ್ಲಾ ಬಾಯಿಪಾಠ ಮಾಡಿಬಿಡು, ಮುಗೀತು.”

ಇವರು ಶೂ ಕೂಡ ಬಿಚ್ಚದೆ ಸೋಫಾದ ಮೇಲೆ ಕೂತರು.

“ಅವೇ ಪ್ರಶ್ನೆ ಬರ್ತಾವೆ ಅಂದ್ರೆ?”

“ಗೊತ್ತಿಲ್ಲ ರೀ.”

“ಒಂದಕ್ಷರಾನೂ ಬದಲಾಗಲ್ಲ ಅಂದ್ರೆ ಏನೇ ಅರ್ಥ? ಪೇಪರ್ ಔಟ್ ಆಗಿದೆ ಅಂತ ತಾನೆ? ಪ್ರಸಾದದ ಕೆಳಗೆ ಇಟ್ಟು ಯಾಕೆ ಕೊಟ್ರು? ಆಂಟಿಗೆ ಹೇಳ್ಬೇಡ ಅಂತ ಯಾಕೆ ಅಂದ್ರು?”

ಅಷ್ಟೂ ನನಗೆ ಹೊಳೆದಿರಲಿಲ್ಲ ಅಂತಲ್ಲ. ಹೊಳೆಯುವುದು ಬೇಡ ಅಂತ ಇದ್ದೆ. ಇವರು ಬಾಯಿಬಿಟ್ಟು ಹೇಳಿದ ಮೇಲೆ ಹಾಗಿರಲು ಆಗಲಿಲ್ಲ.

ನನಗೆ ಅದರ ಅನುಭವ ಇತ್ತು. ಬಿ.ಕಾಂ. ಕೊನೇ ವರ್ಷ ಪರೀಕ್ಷೆಯ ಹಿಂದಿನ ದಿನ ಬಸ್‌ಸ್ಟಾಪಿನಲ್ಲಿ ಕ್ಲಾಸಿನವಳೊಬ್ಬಳು ಒಂದು ಚೀಟಿ ತೋರಿಸಿ, “ಇದು ಬರುತ್ತಂತೆ, ನೋಡ್ಕೊಳೇ” ಅಂದಳು. ನೋಡಿದೆ. ಬಂತು. ಪೇಪರ್ ಔಟ್ ಆಗಿತ್ತು ಅಂತ ಆಮೇಲೆ ಗೊತ್ತಾಯಿತು. ಚೀಟಿ ನೋಡಿದವರ ಪಟ್ಟಿಯಲ್ಲಿ ಯಾರೋ ನನ್ನ ಹೆಸರನ್ನೂ ಬರೆಸಿದ್ದರು. ನೋಟಿಸ್ ಬೋರ್ಡಿನಲ್ಲಿ ಎಲ್ಲರ ನಂಬರಿನ ಮುಂದೆ ಕ್ಲಾಸು, ನನ್ನ ನಂಬರಿನ ಮುಂದೆ ‘ಫಲಿತಾಂಶ ತಡೆಹಿಡಿಯಲಾಗಿದೆ’. ಹನ್ನೊಂದು ತಿಂಗಳು ಹಾಗೇ ಇತ್ತು. ಅಷ್ಟು ದಿನ ನೆಂಟರ ಮನೆಯಲ್ಲಿ ಕಾಫಿ ಕೊಡುವವರೂ ನನ್ನ ಮುಖವನ್ನು ಒಂದು ಕ್ಷಣ ಹೆಚ್ಚೇ ನೋಡುತ್ತಿದ್ದರು.

“ಇಲ್ಲಿ ಸಿಕ್ಕಿಬಿದ್ರೆ ರಿಸಲ್ಟ್ ಅಲ್ಲ, ಗ್ರೀನ್ ಕಾರ್ಡೇ ತಡೆಹಿಡೀತಾರೆ. ನಿಂದು ಮಾತ್ರ ಅಲ್ಲ, ಇಬ್ರದ್ದೂ,” ಅಂದರು ಇವರು.

“ಇಂಟರ್ನೆಟ್ಟಲ್ಲಿ ನೋಡ್ಲಾ, ಇದು ಏನು ಅಂತ?”

“ಹುಚ್ಚಾ ನಿಂಗೆ? ಹುಡುಕಿದ್ದು ರೆಕಾರ್ಡ್ ಆಗುತ್ತೆ.”

ದಿನವೂ ಕಂಪ್ಯೂಟರಿನ ಜೊತೆ ಬದುಕುವವರು ಹೇಳಿದ ಮೇಲೆ ನಂಬಿದೆ. ಮೆಸೇಜ್ ಅಳಿಸಿದೆವು. ಹಾಳೆಗಳನ್ನು ನಮ್ಮ ಕಾಂಪ್ಲೆಕ್ಸಿನ ಕಸದ ಡಬ್ಬಕ್ಕೆ ಹಾಕುವುದು ಬೇಡ ಅಂತ ಇವರು ಕಾರಿನಲ್ಲಿ ಭಾರತೀಯ ಅಂಗಡಿಗೆ ಹೋಗಿ, ಅದರ ಹಿಂದಿನ ಡಂಪ್‌ಸ್ಟರ್‌ಗೆ ಹಾಕಿ ಬಂದರು. ಬರುವಾಗ ಒಂದು ಕಟ್ಟು ಮೆಂತ್ಯದ ಸೊಪ್ಪನ್ನೂ ತಂದರು. “ಸುಮ್ನೆ ಹೋಗಿಬಂದ್ರೆ ಚೆನ್ನಾಗಿರಲ್ಲ,” ಅಂದರು.

ಅವತ್ತಿನಿಂದ ಅಂಕಲ್ ಫೋನಿಗೆ ನಾನು ಸಿಗಲಿಲ್ಲ. ಗುರುವಾರ ಸ್ಕ್ಯಾನರಿನಲ್ಲಿ ಮಾತ್ರ ಅವರನ್ನು ಬಿಡದೆ ಕೇಳುತ್ತಿದ್ದೆ. ಅವರು ಯಾರಿಗೋ “ನನ್ನ ಸ್ಟೂಡೆಂಟ್ ಒಬ್ಬರು ರೆಡಿಯಾಗ್ತಿದ್ದಾರೆ” ಅಂತ ಇಂಗ್ಲಿಷಿನಲ್ಲಿ ಹೇಳಿದಾಗ, ಆ ಕಡೆಯವನು ನಕ್ಕದ್ದರಲ್ಲೂ ಏನೋ ಇದೆ ಅನ್ನಿಸಿತು. ಎಷ್ಟು ಜನಕ್ಕೆ ಹಾಳೆ ಹಂಚಿದ್ದಾರೋ!

ಪರೀಕ್ಷೆ ಬಿಡುವ ಮನಸ್ಸಾಗಲಿಲ್ಲ. ಹಾಳೆ ನೋಡಿದ್ದನ್ನು ಮರೆಯೋಣ, ಪುಸ್ತಕ ಓದಿ ಬರೆಯೋಣ ಅಂತ ಹಟ ಹಿಡಿದೆ. ಆರು ವಾರ ಓಮ್ಸ್ ಲಾ, ತರಂಗಾಂತರ, ಆಂಟೆನಾದ ಉದ್ದ ಅಂತ ನೋಟ್ಸ್ ಮಾಡಿದೆ. ಬಾಲ್ಕನಿಯಲ್ಲಿ ಒಂದು ತಂತಿ ಕಟ್ಟಿ ಸ್ಕ್ಯಾನರಿಗೆ ಸಿಕ್ಕಿಸಿದೆ. ಅಪಾರ್ಟ್‌ಮೆಂಟಿನ ಮ್ಯಾನೇಜರ್ ಕೆಳಗೆ ನಿಂತು ಎರಡು ಸಲ ಅದನ್ನೇ ನೋಡಿದಳು. ಮೂರನೇ ಸಲ ನೋಡುವ ಹೊತ್ತಿಗೆ ಅದರ ಮೇಲೆ ಟವೆಲ್ ಒಣಗುತ್ತಿತ್ತು.

ಪರೀಕ್ಷೆ ಒಂದು ಶನಿವಾರ ಬೆಳಿಗ್ಗೆ, ಫೈರ್ ಸ್ಟೇಷನ್ನಿನ ಹಾಲ್‌ನಲ್ಲಿ. ನಾನು ಪಾಸ್‌ಪೋರ್ಟು, ವೀಸಾ, ಮದುವೆ ಸರ್ಟಿಫಿಕೇಟು, ಮಾರ್ಕ್ಸ್ ಕಾರ್ಡು, ಎಲ್ಲದರ ಮೂರು ಮೂರು ಜೆರಾಕ್ಸ್, ಊರಿನ ಗೆಜೆಟೆಡ್ ಆಫೀಸರ ಸೀಲ್ ಸಮೇತ ಫೈಲಿನಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಮೇಜಿನ ಹಿಂದೆ ಮೂವರು ವಯಸ್ಸಾದ ಅಮೆರಿಕನ್ನರು, ಒಂದು ಡಬ್ಬಿ ಡೋನಟ್ಸ್. ಸಂಬಳವಿಲ್ಲದೆ ಪರೀಕ್ಷೆ ನಡೆಸುವವರಂತೆ. ಸಂಬಳವಿಲ್ಲದೆ ಯಾಕೆ ನಡೆಸುತ್ತಾರೆ ಅಂತ ಅದೊಂದು ಅನುಮಾನ. ನನ್ನ ಫೈಲಿನಿಂದ ಪಾಸ್‌ಪೋರ್ಟ್ ಒಂದನ್ನೇ ನೋಡಿ ಮಿಕ್ಕದ್ದನ್ನು ವಾಪಸ್ ತಳ್ಳಿದರು. ಅದೂ ಸರಿ ಕಾಣಲಿಲ್ಲ.

ಮೂವತ್ತೈದು ಪ್ರಶ್ನೆ, ಪಾಸಾಗಲು ಇಪ್ಪತ್ತಾರು ಸರಿಯಾಗಬೇಕು. ಮೊದಲನೇ ಪ್ರಶ್ನೆ ಓದಿದೆ. ಅದೇ. ಪ್ರಸಾದದ ಕೆಳಗಿನದ್ದೇ, ಒಂದಕ್ಷರ ಬದಲಿಲ್ಲ. ಎರಡನೆಯದೂ ಅದೇ. ಉತ್ತರ ತಾನಾಗೇ ಕಣ್ಣ ಮುಂದೆ ಬಂತು. ಪೆನ್ಸಿಲ್ ಕೆಳಗಿಟ್ಟೆ. ಬರೆದರೆ ಮೋಸ. ಎದ್ದು ಹೋದರೆ ಯಾಕೆ ಹೋದೆ ಅಂತ ಕೇಳುತ್ತಾರೆ. ಕೊನೆಗೆ ನನಗೆ ತೋಚಿದ್ದು ಒಂದೇ ದಾರಿ. ಹಾಳೆಯಲ್ಲಿ ನೋಡಿದ್ದ ಪ್ರಶ್ನೆಗಳನ್ನೆಲ್ಲ ಖಾಲಿ ಬಿಟ್ಟೆ. ಹನ್ನೊಂದು. ಮಿಕ್ಕ ಇಪ್ಪತ್ತನಾಲ್ಕನ್ನು ಮಾತ್ರ ಬರೆದು ಕೊಟ್ಟೆ.

ಮೂವರೂ ಒಬ್ಬರಾದ ಮೇಲೆ ಒಬ್ಬರು ತಿದ್ದಿದರು. ಎಲ್ಲರಿಗಿಂತ ಹಿರಿಯರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಬರೆದ ಇಪ್ಪತ್ತನಾಲ್ಕೂ ಸರಿ. ಆದರೆ ಹನ್ನೊಂದು ಖಾಲಿ ಬಿಟ್ಟಿದ್ದೀರಿ. ಎರಡೇ ಎರಡು ಕಮ್ಮಿ, ಮ್ಯಾಮ್. ಊಹೆ ಮಾಡಿ ಗುರುತು ಹಾಕಿದ್ದರೂ ಪಾಸಾಗುತ್ತಿದ್ದಿರಿ. ಯಾಕೆ ಬಿಟ್ಟಿರಿ?”

ಸುಳ್ಳು ಹೇಳಬಹುದಿತ್ತು. ಮೈಸೂರಿನ ನೋಟಿಸ್ ಬೋರ್ಡ್ ನೆನಪಾಯಿತು. “ಆ ಹನ್ನೊಂದು ನನಗೆ ಮೊದಲೇ ಗೊತ್ತಿತ್ತು. ನಿಮ್ಮ ಪೇಪರ್ ಔಟ್ ಆಗಿದೆ,” ಅಂದೆ.

ಡೋನಟ್ ತಿನ್ನುತ್ತಿದ್ದವರು ನಿಲ್ಲಿಸಿದರು.

“ಯಾರು ಕೊಟ್ಟರು?”

“ಹೆಸರು ಹೇಳೋದಿಲ್ಲ. ನನ್ನನ್ನ ಏನು ಬೇಕಾದ್ರೂ ಮಾಡಿ. ನನ್ನ ಗಂಡನಿಗೂ ಇದಕ್ಕೂ ಸಂಬಂಧ ಇಲ್ಲ.”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯರು ಬಗ್ಗಿ, ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಯಿಂದ ಒಂದು ಪುಸ್ತಕ ತೆಗೆದು ನನ್ನ ಮುಂದಿಟ್ಟರು. ನನ್ನ ಹತ್ತಿರ ಇದ್ದ ಪಠ್ಯಪುಸ್ತಕವೇ, ಹೊಸ ಮುದ್ರಣ. ಕೊನೆಯ ಭಾಗ ತೆರೆದರು. ನನ್ನ ಪ್ರತಿಯಲ್ಲಿ ಕತ್ತರಿಸಿಹೋಗಿದ್ದ ಭಾಗ. ಅದರ ತುಂಬ ಅದೇ ಪ್ರಶ್ನೆಗಳು, ಅದೇ ಉತ್ತರಗಳು.

“ಇದು ಪ್ರಶ್ನೆಗಳ ಭಂಡಾರ. ನಿಯಮದ ಪ್ರಕಾರ ಎಲ್ಲರಿಗೂ ಮೊದಲೇ ಕೊಡಬೇಕು. ಇದರಿಂದಲೇ ಮೂವತ್ತೈದು ಆರಿಸಿ ಕೇಳುತ್ತೇವೆ. ಪುಸ್ತಕದ ಅಂಗಡಿಯಲ್ಲೂ ಸಿಗುತ್ತೆ.”

ಅರೆಗಳಿಗೆ ಈ ಮೂವರೂ ಅಂಕಲ್ ಜೊತೆ ಶಾಮೀಲು ಅಂತಲೇ ಅನ್ನಿಸಿತು. ಪುಸ್ತಕ ತಿರುಗಿಸಿ, ಅಚ್ಚಾದ ಊರು, ಮುನ್ನುಡಿ, ನಿಯಮದ ಸಂಖ್ಯೆ ಎಲ್ಲ ಓದಿದೆ. ಅವರು ಕಾದರು.

“ಹಾಗಾದ್ರೆ ಎಲ್ಲರಿಗೂ ಉತ್ತರ ಮೊದಲೇ ಗೊತ್ತಿರುತ್ತಲ್ಲ?”

“ಅದಕ್ಕೇ ಓದುವುದು ಅನ್ನುತ್ತಾರೆ, ಮ್ಯಾಮ್.”

ಇನ್ನೊಂದು ಪೇಪರ್ ಇದೆ, ಈಗಲೇ ಬರೆಯಬಹುದು ಅಂದರು. ಬರೆದೆ. ಮೂವತ್ತನಾಲ್ಕು ಬಂತು. ತಪ್ಪಾದದ್ದು ಯಾವುದು ಅಂತ ಕೇಳಿದೆ. ಹೇಳಲಿಲ್ಲ. ಅದು ಮಾತ್ರ ಗುಟ್ಟಂತೆ.

ಅಲ್ಲಿಂದಲೇ ಅಂಕಲ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

“ನನ್ನ ಹೆಸರು ಯಾಕ ಹೇಳಲಿಲ್ಲ, ತಂಗಿ? ಅವ್ರು ನನ್ನ ದೋಸ್ತರು.”

“ನಿಮಗೆ ತೊಂದ್ರೆ ಆಗುತ್ತೆ ಅಂತ ಅಂಕಲ್.”

“ಅಂದ್ರ ಆರು ವಾರ ನಾ ಕಳ್ಳ ಅಂತ ತಿಳ್ಕೊಂಡಿದ್ದಿ. ಅದಕ್ಕ ಫೋನ್ ಎತ್ತಲಿಲ್ಲ.”

“ಮತ್ತೆ ನೀವು ಅಷ್ಟು ಮೆಲ್ಲಗೆ, ಆಂಟಿಗೆ ಹೇಳ್ಬೇಡ ಅಂತ…”

“ಪೂಜಾದ ದಿವಸ ರೇಡಿಯೊ ಸುದ್ದಿ ತಗಿಯಂಗಿಲ್ಲ ಅಂತ ಆಕಿಗೆ ಮಾತು ಕೊಟ್ಟಿದ್ದೆ. ಅಷ್ಟ.” ಫೋನ್ ಇಟ್ಟರು.

ಎರಡು ವಾರಕ್ಕೆ ಲೈಸೆನ್ಸ್ ಟಪಾಲಿನಲ್ಲಿ ಬಂತು. ನನ್ನ ಹೆಸರು, ಅದರ ಪಕ್ಕ ನನ್ನದೇ ಕಾಲ್‌ಸೈನ್, ಅಂದರೆ ರೇಡಿಯೊದಲ್ಲಿ ನಾನು ಇಂಥವಳು ಅಂತ ಹೇಳಿಕೊಳ್ಳುವ ಅಕ್ಷರಗಳು. ಇವರು ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು. ಅದೇ ವಾರ ಆಂಟಿ ಬಂದರು, ಟವೆಲ್ಲಿನಲ್ಲಿ ಸುತ್ತಿದ ಮಾತಾಡುವ ಗುಂಡಿಯಿರುವ ಹಳೆಯ ಕೈ ರೇಡಿಯೊ ಹಿಡಿದುಕೊಂಡು.

“ಕೊಟ್ಟು ಬಾ ಅಂದಾರ. ತಾವು ಬರಂಗಿಲ್ಲಂತ. ಮಾರಿ ಸಣ್ಣದು ಮಾಡ್ಕೊಂಡು ಕುಂತಾರ. ಏನ್ ಮಾಡಿದ್ಯವಾ ನೀ ನಮ್ಮ ಮನೆಯವ್ರಿಗೆ?” ಅಂತ ಕೇಳಿ, ಉತ್ತರಕ್ಕೆ ಕಾಯದೆ ನಕ್ಕರು.

ಗುರುವಾರ ಏಳು ಗಂಟೆ. ಆ ವಾರ ಮಾತು ನಡೆಸುವ ಸರದಿ ಅಂಕಲ್‌ದೇ. ಕೊನೆಗೆ, “ಹೊಸಬರು ಯಾರಾದರೂ ಇದ್ದಾರಾ?” ಅಂತ ಇಂಗ್ಲಿಷಿನಲ್ಲಿ ಕೇಳಿದರು. ನಾನು ಗುಂಡಿ ಒತ್ತಿ ಕಾಲ್‌ಸೈನ್ ಹೇಳಿದೆ.

ನನ್ನ ದನಿ ಅವರಿಗೆ ಗೊತ್ತಾಗದೆ ಇರಲಿಲ್ಲ. ಆದರೂ ತಂಗಿ ಅನ್ನಲಿಲ್ಲ. ಗುರುತಿಲ್ಲದವರನ್ನು ಕೇಳುವ ಹಾಗೆ, ನಿಧಾನವಾಗಿ, “ನಿಮ್ಮ ಹೆಸರು ಏನು, ದಯವಿಟ್ಟು ಎಲ್ಲರಿಗೂ ಹೇಳಿ,” ಅಂದರು.

ನಾನು ಹೇಳಿದೆ. ಇವರ ಹೆಸರು ಸೇರಿಸಲಿಲ್ಲ. ಅಂಕಲ್ ಅದನ್ನು ಒಂದೊಂದೇ ಅಕ್ಷರ ಬಿಡಿಸಿ, ಹನ್ನೆರಡು ಜನಕ್ಕೂ ಬರೆದುಕೊಳ್ಳುವಷ್ಟು ಸಮಯ ಕೊಟ್ಟು, ಎರಡು ಸಲ ಹೇಳಿದರು. ಆಮೇಲೆ ಕನ್ನಡದಲ್ಲಿ, “ಛಲೋ ಕೇಳ್ತದ ತಂಗಿ,” ಅಂದರು.

ಇವರು ಸೋಫಾದ ಅಂಚಿನಲ್ಲಿ ಕೂತು ರೇಡಿಯೊವನ್ನೇ ಗುಮಾನಿಯಿಂದ ನೋಡುತ್ತಿದ್ದರು.

“ಇದನ್ನ ಯಾರ್ಯಾರು ಕೇಳಿಸ್ಕೋತಿರ್ತಾರೆ?” ಅಂತ ಪಿಸುಗುಟ್ಟಿದರು.

“ಎಲ್ಲರೂ ರೀ,” ಅಂದೆ. ದನಿ ತಗ್ಗಿಸಲಿಲ್ಲ.