ಬಿ ಸೈಡಿನಿಂದ ಕೇಳಿದವರು

ನಾನು ಕಾಲೇಜು ಮೆಟ್ಟಿಲು ಹತ್ತುವುದು ಆಗದ ಮಾತು ಎಂದು ಹೇಳಿದವರು ನಮ್ಮ ಇಂಗ್ಲಿಷ್ ಮೇಷ್ಟ್ರು. ಆಗೆಲ್ಲ ನಮ್ಮೂರು ಹೆಮ್ಮಿಗೆಯಲ್ಲಿ ಮೇಷ್ಟ್ರು ಹೇಳಿದರೆ ಮುಗಿಯಿತು. ಯಾರ ಮಗ ಐಟಿಐಗೆ, ಯಾರ ಮಗಳು ಟೈಲರಿಂಗಿಗೆ, ಯಾರು ಹೊಲಕ್ಕೆ ಎಂದು ಅವರು ಮಾರ್ಕ್ಸ್ ಕಾರ್ಡು ನೋಡಿ ಹೇಳುತ್ತಿದ್ದರು. ಅಪ್ಪಂದಿರು ಟವೆಲ್ಲು ಕಂಕುಳಿಗೆ ಸಿಕ್ಕಿಸಿಕೊಂಡು ತಲೆಯಾಡಿಸಿ ಬರುತ್ತಿದ್ದರು. ತೊಂಬತ್ತರ ದಶಕದ ನಡುವಿನ ಕಾಲ. ಟಿವಿ ಊರಲ್ಲಿ ನಾಲ್ಕೈದು ಮನೆಯಲ್ಲಿತ್ತು, ಫೋನು ಎರಡು ಮನೆಯಲ್ಲಿತ್ತು, ಇಂಗ್ಲಿಷ್ ಮಾತ್ರ ಮೇಷ್ಟ್ರೊಬ್ಬರ ಹತ್ತಿರ ಇತ್ತು.

ಆ ಬೇಸಿಗೆ ನನಗೆ ಇವತ್ತಿಗೂ ಮೂಗಿನಲ್ಲಿದೆ. ಹುಣಸೆಹಣ್ಣಿನ ವಾಸನೆ. ಹತ್ತನೇ ಕ್ಲಾಸಿನ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಮಧ್ಯಾಹ್ನದ ಮುದ್ದೆ, ಬಸ್ಸಾರು ಮುಗಿದ ಮೇಲೆ ಅವ್ವ, ಪಕ್ಕದ ಮನೆಯ ಸಿದ್ದಮ್ಮಜ್ಜಿ, ನಾನು ಜಗಲಿ ಮೇಲೆ ಕೂತು ಹುಣಸೆ ಜಜ್ಜಿ ಬೀಜ ಬಿಡಿಸುತ್ತಿದ್ದೆವು. ಬೆರಳ ಸಂದಿಯೆಲ್ಲ ಹುಳಿ ಕಚ್ಚಿ ಉರಿಯುತ್ತಿತ್ತು. ಗುಂಡಗಿನ ಬೀಜಗಳನ್ನು ಆರಿಸಿ ಅಳಗುಳಿಮನೆ ಆಟಕ್ಕೆ ಇಟ್ಟುಕೊಳ್ಳುತ್ತಿದ್ದೆ. ಮಿಕ್ಕವನ್ನು ಹುರಿದು ದವಡೆಗೆ ಹಾಕಿಕೊಂಡರೆ ಸಂಜೆತನಕ ಬಾಯಿಗೆ ಕೆಲಸ.

ಚಿಕ್ಕಪ್ಪ ನಂಜನಗೂಡಿನಲ್ಲಿ ಸಂಸಾರ ಹೂಡಿ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಹೆಲ್ಪರ್ ಆಗಿದ್ದ. ಆ ಕಾರ್ಖಾನೆಗೆ ಮೆಷಿನ್ನು ಜೋಡಿಸಲು ಪರದೇಶದಿಂದ ಒಬ್ಬ ಎಂಜಿನಿಯರು ಬಂದಿದ್ದನಂತೆ. ದಿನಾ ರಸಬಾಳೆ ತಂದುಕೊಡುತ್ತಿದ್ದ ಚಿಕ್ಕಪ್ಪನಿಗೆ ಅವನು ವಾಪಸು ಹೋಗುವ ದಿನ ಒಂದು ಕ್ಯಾಸೆಟ್ ಕೊಟ್ಟು ಹೋದ. ಡಬ್ಬಿ ಇಲ್ಲ, ಚೀಟಿ ಇಲ್ಲ, ಮೇಲಿದ್ದ ಅಕ್ಷರವೆಲ್ಲ ಬೆವರಿಗೆ ಅಳಿಸಿಹೋಗಿತ್ತು. ಹಾಡಿದವರು ಯಾರು, ಯಾವುದು ಎ ಸೈಡು, ಯಾವುದು ಬಿ ಸೈಡು, ಒಂದೂ ಗೊತ್ತಿಲ್ಲ. ಒಂದು ಭಾನುವಾರ ಚಿಕ್ಕಪ್ಪ ಅದನ್ನೂ ತನ್ನ ಟೇಪ್ ರೆಕಾರ್ಡರನ್ನೂ ತಂದು ಜಗಲಿ ಮೇಲಿಟ್ಟ. ಕೈಗೆ ಸಿಕ್ಕಿದ ಸೈಡು ಹಾಕಿದ.

"ಇಂಗ್ಲೀಷಾ?" ಅಂದಳು ಅವ್ವ. "ಇದ್ನ ಕೇಳಿ ನಾವೇನ್ಲಾ ಮಾಡಣ?"

"ಕೇಳಮ್ಮಿ, ಕಿವಿಗೇನ್ ಜ್ವರ ಬತ್ತದಾ?" ಅಂದರು ತಾತ.

ನಮ್ಮ ತಾತನ ವಿಷಯ ಇಲ್ಲಿ ಹೇಳಬೇಕು. ತಾತ ಹಾಡುವವರಲ್ಲ, ಕೇಳುವವರು. ಸುಗ್ಗಿ ಮುಗಿದ ಮೇಲೆ ತಂಬೂರಿ ಪದದವರು ಬಂದರೆ ನಮ್ಮ ಜಗಲಿಯಲ್ಲೇ ಕೂರುತ್ತಿದ್ದರು. ಆಗ ತಾತನ ಕಟ್ಟಳೆ ಒಂದಿತ್ತು. ಪದ ಪೂರ್ತಿ ಕೇಳಿದವರು ಮಾತ್ರ ಒಂದು ಬೊಗಸೆ ರಾಗಿ ತಂದು ಮೊರಕ್ಕೆ ಹಾಕಬೇಕು, ಹಾಕುತ್ತಾ ಪದ ಹೇಗಿತ್ತೆಂದು ಹೇಳಬೇಕು. ಹೊಗಳಲೇಬೇಕೆಂದಿಲ್ಲ, ಬೈದರೂ ಸರಿ. ನಡುವೆ ಎದ್ದು ಹೋದವರು ಎಷ್ಟು ದೊಡ್ಡವರಾದರೂ ಅವತ್ತು ಆ ಪದದ ಬಗ್ಗೆ ಬಾಯಿ ಬಿಡುವಂತಿಲ್ಲ. "ಕೊನೆಗಂಟ ಕೇಳ್ದೋರ್ಗೆ ಮಾತ್ರ ಮಾತು" ಎನ್ನುತ್ತಿದ್ದರು.

ಕ್ಯಾಸೆಟ್ಟಿಗೂ ಅದೇ ಕಾನೂನು ಬಂತು. ಎರಡೂ ಸೈಡು ಮುಗಿಯುವವರೆಗೆ ತಾತ ಯಾರನ್ನೂ ಏಳಗೊಡಲಿಲ್ಲ. ನಡುವೆ ಸೆಲ್ಲು ಸೋತು ಹಾಡು ಎಳೆದಾಡತೊಡಗಿದಾಗ ಸೆಲ್ಲು ತೆಗೆದು ಬಿಸಿಲಿಗಿಟ್ಟು, ಅದು ಕಾಯುವವರೆಗೂ ಕಾದು, ಮತ್ತೆ ಹಾಕಿ ಕೇಳಿಸಿದರು. ಕೊನೆಗೆ ಮೊರ ಮುಂದಿಟ್ಟರು.

"ಹಾಡ್ದೋನು ಯಾವ್ ದೇಸದಲ್ಲಿ ಕುಂತವ್ನೋ. ಈ ರಾಗಿ ಅವನ್ಗೆಂಗೆ ಓಯ್ತದೆ?" ಎಂದು ಚಿಕ್ಕಪ್ಪ ನಕ್ಕ.

"ತಂಬೂರಿಯೋನು ಬತ್ತಾನಲ್ಲ, ಅವನ್ಗೆ ಕೊಡದು. ಹಾಡೋರ್ದೆಲ್ಲ ಒಂದೇ ಜೋಳಿಗೆ ಕಣ್ಲಾ."

ಮೊದಲ ಬೊಗಸೆ ಸಿದ್ದಮ್ಮಜ್ಜಿಯದು. ಊರಲ್ಲಿ ಯಾರು ಸತ್ತರೂ ಹಾಡಿಕೊಂಡು ಅಳುವುದಕ್ಕೆ ಅವಳೇ ಮುಂದು. ನಾವು ಮೊದಲು ಕೇಳಿದ ಸೈಡಿನಲ್ಲಿ ನಿಧಾನದ ಮೂರು ಹಾಡುಗಳಿದ್ದವು. ಮೊದಲನೆಯದಂತೂ ಹೆಣದ ಮುಂದೆ ಕೂತಂತಿತ್ತು. ಅಜ್ಜಿ ರಾಗಿ ಸುರಿದು, "ಅಳು ಬಂದದೆ ಅವನ್ಗೆ, ಸುಳ್ಳಲ್ಲ. ಆದ್ರೆ ಸತ್ತೋರ ಎಸ್ರು ಒಂದ್ ದಪನೂ ಏಳ್ನಿಲ್ಲ. ಎಸ್ರು ಏಳ್ದೆ ಅಳದು ಎಂಥಾ ಅಳು?" ಅಂದಳು.

ಅವ್ವ ಹೇಳಿದ್ದು: "ಇವ್ನು ಉಂಡಿಲ್ಲ. ಉಂಡೋನ ಗಂಟ್ಲಲ್ಲ ಇದು."

ಚಿಕ್ಕಪ್ಪನಿಗೆ ಇನ್ನೊಂದು ಸೈಡಿನ ವೇಗದ ಹಾಡುಗಳೇ ಪ್ರಾಣ. ಡ್ರಮ್ಮು ನಮ್ಮ ಕಾರ್ಖಾನೆಯ ದೊಡ್ಡ ಮೆಷಿನ್ನಿನ ಥರವೇ ಬಡಿಯುತ್ತದೆ, ಮಿಕ್ಕಿದ್ದೆಲ್ಲ ಗೋಳು ಎಂದ. ಅವನಿಗೂ ಸಿದ್ದಮ್ಮಜ್ಜಿಗೂ ಅಲ್ಲೇ ಜಗಳವಾಯಿತು. "ನಿನ್ಗೆ ಕುಣ್ಯಕ್ ಬೇಕು ಅಷ್ಟೆ ಕಣ್ಲಾ. ನಾಳೆ ನಾ ಸತ್ರೂ ಕುಣೀತೀಯ" ಅಂದಳು ಅಜ್ಜಿ. "ಕುಣೀತೀನಿ, ಎಸ್ರು ಏಳ್ಕಂಡೇ ಕುಣೀತೀನಿ" ಅಂದ ಚಿಕ್ಕಪ್ಪ.

ತಾತ ಕೊನೆಗೆ ಹೇಳಿದರು. "ಇದ್ರಲ್ಲಿ ಮುಮ್ಮೇಳ ಯಾರು, ಇಮ್ಮೇಳ ಯಾರು ಅಂತ್ಲೇ ಗೊತ್ತಾಗಕಿಲ್ಲ. ಸೊಲ್ಲು ಎತ್ಕೊಳೋರೇ ಮುಂದಕ್ ಬಂದ್ಬುಡ್ತಾರೆ. ಮೂರ್ ಜನ ಹಾಡ್ತಾರೆ, ಒಬ್ರಿಗೊಬ್ರು ಕಾಯಕಿಲ್ಲ, ಆದ್ರೂ ಬುಟ್ಟೋಗಕಿಲ್ಲ. ಅದು ಚಂದ."

ನನ್ನ ಸರದಿ ಬಂದಾಗ ಒಂದು ಹಾಡಿನ ಶುರುವಿನಲ್ಲಿ ಹಾಡುವವರು ಏನೋ ಹೇಳಿಕೊಂಡು ನಗುತ್ತಾರಲ್ಲ, ಆ ನಗು ಇಷ್ಟ ಎಂದೆ. ನದಿ, ಬಾಗಿಲು, ತಾಯಿ, ಮನೆ, ರೈಲು. ಆ ಹಾಡುಗಳ ನೂರು ಇಂಗ್ಲಿಷ್ ಪದದಲ್ಲಿ ಅಂಥ ಹತ್ತರ ಅರ್ಥ ನನ್ನ ಕೈಗೆ ಸಿಕ್ಕಿತ್ತು. ಟೇಪ್ ರೆಕಾರ್ಡರು ನಮ್ಮಲ್ಲೇ ಉಳಿಯಿತು. ಸೆಲ್ಲು ಉಳಿಸಲು ಪೆನ್ಸಿಲ್ಲು ತೂರಿಸಿ ಕ್ಯಾಸೆಟ್ ಹಿಂದಕ್ಕೆ ಸುತ್ತಿ, ದಿನಕ್ಕೊಂದು ಸಲ ಕೇಳಿದೆ. ಹತ್ತು ಪದ ಹದಿನೈದಾದವು, ಮೂವತ್ತಾದವು.

ಅಷ್ಟರಲ್ಲಿ ಮಾರ್ಕ್ಸ್ ಕಾರ್ಡು ಬಂತು. ಮಿಕ್ಕ ವಿಷಯವೆಲ್ಲ ಚೆನ್ನಾಗಿತ್ತು. ಇಂಗ್ಲಿಷಿನಲ್ಲಿ ಮೂವತ್ತೈದು, ಸರಿಯಾಗಿ ಗಡಿ ದಾಟಿಸಿದ ಮೂವತ್ತೈದು. ಚಿಕ್ಕಪ್ಪ, "ನಮ್ಮನೇಲಿದ್ಕಂಡು ಓದ್ಲಿ" ಎಂದು ನಂಜನಗೂಡಿನ ಪಿಯು ಕಾಲೇಜಿನ ಅರ್ಜಿ ತಂದುಕೊಟ್ಟಿದ್ದ. ಅಪ್ಪನ ಸಹಿಯೊಂದು ಬಾಕಿ. ಅಪ್ಪ ಅದನ್ನು ಮಡಿಸಿ ಗೋಡೆಗೂಡಿನಲ್ಲಿಟ್ಟು, "ಮೇಷ್ಟ್ರು ಒಂದ್ ಮಾತು ಏಳ್ಲಿ" ಅಂದರು.

ಮೇಷ್ಟ್ರು ಪ್ರತಿ ವರ್ಷದಂತೆ ತಮ್ಮ ಮನೆಗೆ ಬೇಕಾದ ಹುಣಸೆಹಣ್ಣಿಗೆ ಹೇಳಿ ಹೋಗಲು ಬಂದರು. ಮಾರ್ಕ್ಸ್ ಕಾರ್ಡು ನೋಡಿದರು. "ನೋಡಪ್ಪಾ, ಕಾಲೇಜಲ್ಲಿ ಇಂಗ್ಲಿಷ್ ಇನ್ನೂ ಕಷ್ಟ. ಇವಳಿಗೆ ಅದು ಹತ್ತೋದಲ್ಲ. ಒಂದು ವರ್ಷ ಹಾಳು ಮಾಡ್ಕೊಂಡು ವಾಪಸ್ ಬರ್ತಾಳೆ. ನರಸೀಪುರದಲ್ಲಿ ಟೈಲರಿಂಗ್ ಇದೆ, ಹಾಕು."

ಅಪ್ಪ ತಲೆಯಾಡಿಸಿಬಿಟ್ಟರು. ನಾನು ಏನು ಮಾಡಬೇಕೋ ತಿಳಿಯದೆ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದೆ. ಸಿಟ್ಟಿಗೆ ಒತ್ತಿದೆ.

ಮೇಷ್ಟ್ರ ಮುಖ ಬದಲಾಯಿತು. "ಇದು ನಿಮ್ಮನೇಲಿ ಹೇಗೆ? ನಾವು ಮೈಸೂರಲ್ಲಿ ಓದುವಾಗ ಹಾಸ್ಟೆಲಿನಲ್ಲಿ ಇದನ್ನ ಕೇಳ್ತಿದ್ವು. ರೂಟ್ಸ್ ರಾಕ್ ಅಂತಾರೆ. ಅವರ ಹಳ್ಳಿ ಹಾಡಿನ ಧಾಟಿಗೆ ಕರೆಂಟಿನ ಗಿಟಾರು ಸೇರಿಸಿ ಕಟ್ಟಿದ್ದು. ಕ್ಲಾಸಿಕ್ಕು!" ಅಂದರು. ಒಂದು ಹಾಡು ಕೇಳಿದರು. ಎರಡನೆಯದರ ನಡುವೆ, ನಾವು ಯಾವಾಗಲೂ ಈ ಸೈಡೇ ಮೊದಲು ಹಾಕುವುದು ಎಂದು ನಾನು ಹೇಳಿದ್ದಕ್ಕೆ, ಜೋರಾಗಿ ನಕ್ಕರು. "ಅಯ್ಯೋ, ಇದು ಬಿ ಸೈಡು! ಇಷ್ಟು ದಿನ ಬಿ ಸೈಡು ಮೊದಲು ಹಾಕ್ಕೊಂಡು ಉಲ್ಟಾ ಕೇಳಿದ್ದೀರಾ? ಜನ ಬರೋದು, ಕುಣಿಯೋದು ಮೊದಲು. ಸಾವು, ಮನೆ ಬಾಗಿಲು ಹಾಕೋದು ಆಮೇಲೆ. ಅದೇ ಇದರ ಅರ್ಥ. ಅದಕ್ಕೇ ಹೇಳಿದ್ದು, ನಿಮಗೆಲ್ಲ ಇದು ತಿಳಿಯೋದಲ್ಲ."

ಅವ್ವ ಹುಣಸೆ ಜಜ್ಜುವುದನ್ನು ನಿಲ್ಲಿಸಿದಳು. ನನಗೆ ಕೆನ್ನೆಯೆಲ್ಲ ಬಿಸಿಯಾಯಿತು. ಮೂವತ್ತೈದು ತೆಗೆದಾಗಲೂ ಹಾಗಾಗಿರಲಿಲ್ಲ.

ತಾತ ಮಾತ್ರ ಕದಲಲಿಲ್ಲ. "ಪದನ ಅಳುವಲ್ಲಿ ನಿಲ್ಲಿಸ್ಬಾರ್ದು ಸಾ. ಕೇಳ್ದೋರು ಮನೆಗೋಗ್ಬೇಕು, ಒಲೆ ಅಚ್ಬೇಕು. ಮೊದ್ಲು ಅಳಿಸಿ ಆಮೇಲ್ ನಗಿಸಿ ಕಳಿಸ್ಬೇಕು. ನಾವು ಕೇಳಿದ್ದೇ ಸರಿಯಾಗದೆ."

ಮೇಷ್ಟ್ರು ನಗುತ್ತಾ ಎದ್ದರು. ಮೂರನೆಯ ಹಾಡು ಶುರುವಾಗಿತ್ತು. "ನಾನು ಇದನ್ನ ನೂರು ಸಲ ಕೇಳಿದ್ದೀನಿ" ಎಂದು ಚಪ್ಪಲಿ ಹಾಕಿಕೊಂಡರು.

"ಇವತ್ತು ಕೇಳ್ನಿಲ್ಲ. ಎದ್ದೋದ್ರಿ. ಇವತ್ತು ನಿಮ್ಗೆ ಮಾತಿಲ್ಲ ಸಾ" ಅಂದರು ತಾತ.

ಅವತ್ತಿನಿಂದ ಮೂರು ದಿನ ನಾನು ಹುಣಸೆ ಮುಟ್ಟಲಿಲ್ಲ. ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆ ಕಿತ್ತು, ರಟ್ಟು ಕಿತ್ತುಹೋದ ಡಿಕ್ಷನರಿ ತೊಡೆಯ ಮೇಲಿಟ್ಟು ಇಂಗ್ಲಿಷಿನಲ್ಲಿ ಬರೆದೆ. ನಮ್ಮ ಬೀದಿಯಲ್ಲಿ ಐದು ಜನ ಈ ಹಾಡು ಕೇಳಿದೆವು, ಒಬ್ಬರ ಮಾತು ಒಬ್ಬರು ಒಪ್ಪಲಿಲ್ಲ ಎಂದು ಶುರುಮಾಡಿದೆ. ಸಿದ್ದಮ್ಮಜ್ಜಿಯ ತಕರಾರು, ಅವ್ವನ ಗುಮಾನಿ, ಚಿಕ್ಕಪ್ಪನ ಮೆಷಿನ್ನು, ತಾತನ ಹಿಮ್ಮೇಳ, ಎಲ್ಲ ಬರೆದೆ. ಮೊರಕ್ಕೆ ಇಂಗ್ಲಿಷಿನಲ್ಲಿ ಏನೆಂದು ಸಿಗದೆ ಅದರ ಚಿತ್ರ ಬರೆದೆ. ಕೊನೆಗೆ, ನಾವು ಉಲ್ಟಾ ಕೇಳಲಿಲ್ಲ, ನಮ್ಮ ಮನೆಯಲ್ಲಿ ಹಾಡು ಹೀಗೇ ಮುಗಿಯಬೇಕು ಎಂದು ಬರೆದು ಕೆಳಗೆ ಹೆಸರು ಹಾಕಿದೆ. ಮಾದೇವಿ.

ಹುಣಸೆಹಣ್ಣು ಒಯ್ಯಲು ಮೇಷ್ಟ್ರು ಬಂದಾಗ ಚೀಲಕ್ಕಿಂತ ಮುಂಚೆ ಹಾಳೆ ಕೊಟ್ಟೆ. "ಕೊನೆಗಂಟ ಓದ್ಬೇಕು ಸಾ" ಅಂದೆ.

ಅವರು ಜೇಬಿನ ಕೆಂಪು ಪೆನ್ನು ತೆಗೆದರು. ಮೊದಲ ಸಾಲಿನಲ್ಲೇ ಎರಡು ಗೀಟು. ಆಮೇಲೆ ಇನ್ನೊಂದು, ಇನ್ನೊಂದು. ನಾನು ಅವರ ಪೆನ್ನನ್ನೇ ನೋಡುತ್ತಿದ್ದೆ. ಸಿದ್ದಮ್ಮಜ್ಜಿಯ ಮಾತು ಬಂದ ಕಡೆ ಪೆನ್ನು ನಿಂತಿತು. ಮೊರದ ಚಿತ್ರ ಬಂದಾಗ ಅವರ ತುಟಿ ಒಂದು ಚೂರು ಅರಳಿತು. ಕೊನೆಯ ಸಾಲಿನವರೆಗೂ ಓದಿದರು. ಹಾಳೆ ತಿರುಗಿಸಿ ಅಪ್ಪನಿಗೆ ತೋರಿಸಿ, "ನೋಡು, ಎಷ್ಟು ಕೆಂಪು! ಟೆನ್ಸ್ ಸರಿಯಿಲ್ಲ, ಸ್ಪೆಲಿಂಗ್ ಇಲ್ಲ. ನಾನು ಹೇಳಲಿಲ್ವಾ?" ಅಂದರು.

ಅಪ್ಪ ಓದು ಬಾರದವರು. ಬೆರಳಿನಿಂದ ಹೆಸರು ತಿದ್ದಿ ಸಹಿ ಹಾಕಲು ಕಲಿತಿದ್ದರು, ಅಷ್ಟೇ. ಹಾಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ತಪ್ಪು ಇರ್ಲಿ ಸಾ. ಅವ್ಳು ಏನ್ ಬರದವ್ಳೆ ಅಂತ ನಿಮ್ಗೆ ತಿಳೀತಾ?"

"ತಿಳಿಯಿತು."

"ಪೂರಾ ತಿಳೀತಾ?"

"ತಿಳಿಯಿತಪ್ಪ, ಆದ್ರೆ…"

"ಬರದಿದ್ದು ಇಂಗ್ಲೀಷು ಬಲ್ಲ ನಿಮ್ಗೆ ತಿಳೀತು ಅಂದ್ಮೇಲೆ, ಅದು ಇಂಗ್ಲೀಷೇ ಅಲ್ವಾ ಸಾ?"

ಅಪ್ಪ ಎದ್ದು ಗೋಡೆಗೂಡಿನಿಂದ ಅರ್ಜಿ ತಂದರು. "ಪೆನ್ನು ಕೊಡಿ ಸಾ" ಎಂದು ಅದೇ ಕೆಂಪು ಪೆನ್ನು ಇಸಿದುಕೊಂಡು, ನೆಲಕ್ಕೆ ಕೂತು, ಒಂದೊಂದೇ ಅಕ್ಷರ ಒತ್ತಿ ಸಹಿ ಹಾಕಿದರು. ತಾತ ಮೊರವನ್ನು ಮೇಷ್ಟ್ರ ಮುಂದಕ್ಕೆ ತಳ್ಳಿ, "ಇವತ್ತು ಕೊನೆಗಂಟ ಓದಿದ್ರಿ. ಬೊಗಸೆ ಆಕಿ, ಮಾತಾಡಿ" ಅಂದರು. ಮೇಷ್ಟ್ರು ಚೀಲಕ್ಕೆ ಕೈಹಾಕಿ ಒಂದು ಹಿಡಿ ಹುಣಸೆಹಣ್ಣು ತೆಗೆದು ಮೊರಕ್ಕಿಟ್ಟರು. "ಹೆಸರು ಹೇಳದೆ ಅಳ್ತಾನೆ ಅನ್ನೋದು… ಅದು ನನಗೆ ಹೊಳೆದಿರಲಿಲ್ಲ" ಎಂದಷ್ಟೇ ಹೇಳಿ ಎದ್ದು ಹೋದರು. ಕಾಲೇಜಿನ ಗುಮಾಸ್ತರು ಅರ್ಜಿ ನೋಡಿ, "ಕೆಂಪಲ್ಲಿ ಯಾರಮ್ಮಾ ಸೈನ್ ಹಾಕಿದ್ದು?" ಎಂದು ಗದರಿದಾಗ, "ನಮ್ಮಪ್ಪ" ಅಂದೆ. ಅಷ್ಟು ಜೋರಾಗಿ ನಾನು ಅದುವರೆಗೆ ಯಾರ ಮುಂದೆಯೂ ಮಾತಾಡಿರಲಿಲ್ಲ.

ಈಗ ಆ ಜಗಲಿ ಇಲ್ಲ. ರಸ್ತೆ ಅಗಲವಾದಾಗ ಹೋಯಿತು. ಹುಣಸೆ ಬೀಜ ತೆಗೆದೇ ಪೊಟ್ಟಣದಲ್ಲಿ ಬರುತ್ತದೆ. ಸಿದ್ದಮ್ಮಜ್ಜಿ ಹೋದಾಗ ಹೆಸರು ಹೇಳಿ ಅಳುವವರು ಬೀದಿಯಲ್ಲಿ ಉಳಿದಿರಲಿಲ್ಲ. ಚಿಕ್ಕಪ್ಪ ಕುಣಿಯಲಿಲ್ಲ, ಅತ್ತ. ತಂಬೂರಿಯವರು ಬಂದು ಎಷ್ಟೋ ವರ್ಷವಾಯಿತು. ಕ್ಯಾಸೆಟ್ಟಿನ ಸುರುಳಿ ಟೇಪ್ ರೆಕಾರ್ಡರಿನ ಹೊಟ್ಟೆಯೊಳಗೇ ಸಿಕ್ಕಿಕೊಂಡು ಹರಿಯಿತು. ಆ ಹಾಡುಗಳು ಈಗ ನನ್ನ ಫೋನಿನಲ್ಲಿವೆ, ಹಾಡಿದವರ ಹೆಸರಿನ ಸಮೇತ, ಮೇಷ್ಟ್ರು ಹೇಳಿದ ಸರಿಯಾದ ಕ್ರಮದಲ್ಲಿ. ಲೋಕದ ತುಂಬ ಜನ ಅದರ ಬಗ್ಗೆ ಬರೆದಿದ್ದಾರೆ. ಕೆಲವರಿಗೆ ಅದು ದೇವರು, ಕೆಲವರಿಗೆ ಬರೀ ಬೋರು. ಅರ್ಧ ಹಾಡು ಕೇಳಿ ತೀರ್ಪು ಕೊಟ್ಟು ಹೋದವರೇ ಹೆಚ್ಚು. ಎಲ್ಲವನ್ನೂ ಕೊನೆತನಕ ಓದಿದ್ದೇನೆ. ಇವನು ಉಂಡಿಲ್ಲ ಎಂದು ಅವರಲ್ಲಿ ಒಬ್ಬರೂ ಬರೆದಿಲ್ಲ. ನಾನು ಇವತ್ತಿಗೂ ಬಿ ಸೈಡಿನಿಂದಲೇ ಕೇಳುತ್ತೇನೆ. ಯಾರಾದರೂ ತಪ್ಪು ಎಂದರೆ ಎರಡೂ ಸೈಡು ಪೂರ್ತಿ ಕೇಳಿ ಬನ್ನಿ, ಆಮೇಲೆ ಮಾತಾಡೋಣ ಎನ್ನುತ್ತೇನೆ.

ಕಳೆದುಕೊಂಡದ್ದನ್ನೆಲ್ಲ ಒಂದು ಕಡೆ ಇಟ್ಟು ನೋಡುವಾಗ, ತಾತ ಇದ್ದಾಗಿನ ಒಂದು ಮಧ್ಯಾಹ್ನ ಮಾತ್ರ ಯಾರೂ ಕಿತ್ತುಕೊಳ್ಳಲಾಗದಂತೆ ನನ್ನ ಹತ್ತಿರ ಉಳಿದಿದೆ. ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮುಗಿಸಿ, ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ದಿನ ಬಸ್ಸು ಹಿಡಿದು ನೇರ ಊರಿಗೆ ಬಂದೆ. ನಮ್ಮ ವಂಶದಲ್ಲಿ ಅಂಥ ಕಾಗದ ಅದೇ ಮೊದಲು. ಅಪ್ಪ ಕೈ ತೊಳೆದುಕೊಂಡು ಬಂದು ಮುಟ್ಟಿದರು, ಅವ್ವ ಮುಟ್ಟಲೇ ಇಲ್ಲ, ಕೊಳೆಯಾದೀತು ಎಂದು ಸೆರಗಿನಲ್ಲಿ ಕೈ ಮುಚ್ಚಿಕೊಂಡಳು. ನಾನು ಅದನ್ನು ಜಗಲಿಯ ಮೇಲೆ ಕೂತಿದ್ದ ತಾತನ ಕೈಗೆ ಕೊಟ್ಟೆ. ಕಣ್ಣು ಮಂಜಾಗಿತ್ತು. ಅಂಚಿನ ಮೇಲೆ ಬೆರಳಾಡಿಸಿದರು, ಬೆಳಕಿಗೆ ಹಿಡಿದರು, ತಿರುಗಿಸಿ ಹಿಂದುಗಡೆ ನೋಡಿದರು.

"ಇನ್ನೊಂದ್ ಸೈಡಲ್ಲಿ ಏನೂ ಇಲ್ವಾ?"

"ಇಲ್ಲ ತಾತ. ಇಷ್ಟೇ. ಮುಗೀತು."

ತಾತ ಅದನ್ನು ನನ್ನ ಕೈಗೇ ವಾಪಸು ಇಟ್ಟರು.

"ಕೊನೆಗಂಟ ಕೇಳ್ದೆ ಕೂಸೇ" ಅಂದರು. "ಇನ್ನು ನೀನು ಮಾತಾಡು."