ಕಪ್ಪು ಮರಸೇಬು

ಲ್ವಾನ್ ಆಯಿ ಪೋರ್ಚುಗಲ್ಲಿನವರ ಮನೆಗೆ ಕೆಲಸಕ್ಕೆ ಬರತೊಡಗಿ ಅದು ಎರಡನೆಯ ಚಳಿಗಾಲ. ಚೀನಾದಲ್ಲಿ ಮನೆಗೆಲಸದ ಹೆಂಗಸನ್ನು ಆಯಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಾರೆ. ಚಾಂಗ್‌ಚುನ್‌ನ ಕಾರು ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ರೂಯಿ, ಅವನ ಹೆಂಡತಿ ಫಿಲಿಪಾ, ಏಳು ವರ್ಷದ ಮಗಳು ಲಿಯೊನೊರ್, ಮೂವರೂ ಒಳ್ಳೆಯವರೇ. ಆದರೆ ಹೊರಗೆ ಮೈನಸ್ ಇಪ್ಪತ್ತು ಡಿಗ್ರಿ ಇರುವಾಗಲೂ ತಣ್ಣೀರು ಕುಡಿಯುತ್ತಿದ್ದರು. ಹುಡುಗಿಯಂತೂ ಬರಿಗಾಲಲ್ಲೇ ಓಡಾಡುತ್ತಿದ್ದಳು.

"ಹಾಕ್ಕೊಳ್ಳೇ ತಾಯಿ, ನಿನ್ನ ಕಾಲು ನೋಡಿದ್ರೆ ನಂಗೆ ನಡುಕ ಬರುತ್ತೆ!" ಎಂದು ಆಯಿ ಕಾಲುಚೀಲ ಹಿಡಿದು ಹಿಂದೆ ಓಡುತ್ತಿದ್ದಳು. ಫಿಲಿಪಾ ಸಂಜೆಯ ತರಗತಿಗೆ ಹೋಗಿ ಚೀನೀ ಕಲಿತಿದ್ದಳು. ಮಗಳು ಆಯಿಯಿಂದಲೇ ಕಲಿತಿದ್ದಳು.

ಜನವರಿಯಲ್ಲಿ ಆಯಿಯ ಅಕ್ಕ ಜಿಲಿನ್ ಬಳಿಯ ಹಳ್ಳಿಯಿಂದ ಒಂದು ಚೀಲ ಮರಸೇಬು ಕಳಿಸಿದಳು. ತನ್ನ ಮನೆಯ ಮರದ್ದೇ ಹಣ್ಣು. ಅಂಗಳದ ಚಳಿಯಲ್ಲಿ ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಕಲ್ಲಿದ್ದಲಿನಂತಾಗಿದ್ದವು.

"ಆ ಮಗೂಗೆ ಕೊಡು. ಶನಿವಾರ ನದಿ ನೋಡೋಕೆ ಬರ್ತಾರಲ್ಲ, ಊಟ ನಮ್ಮನೇಲೇ. ಹಣ್ಣು ಹೇಗಿತ್ತು ಅಂತ ನಾನೇ ಅವಳನ್ನ ಕೇಳ್ತೀನಿ" ಎಂದು ಫೋನಿನಲ್ಲಿ ಹೇಳಿದಳು.

ಆಯಿ ಚೀಲವನ್ನು ಬಾಲ್ಕನಿಯಲ್ಲಿಟ್ಟಳು. "ಅಕ್ಕ ಕಳಿಸಿದ್ದು, ತಿನ್ನಿ" ಎಂದು ಹೇಳಿ ಮನೆಗೆ ಹೋದಳು.

ಮರುದಿನ ಕಸದ ಚೀಲ ಎತ್ತಿದಾಗ ಭಾರವಾಗಿತ್ತು. ಗಂಟು ಬಿಚ್ಚಿ ನೋಡಿದರೆ ಎಲ್ಲ ಹಣ್ಣೂ ಅದರಲ್ಲೇ. ಒಂದನ್ನೂ ಕಚ್ಚಿರಲಿಲ್ಲ. ಫಿಲಿಪಾ ಬೆನ್ನು ತಿರುಗಿಸಿ ಒಲೆ ಒರೆಸುತ್ತಿದ್ದಳು. ಆಯಿ ಚೀಲದ ಗಂಟನ್ನು ಮತ್ತೆ ಬಿಗಿದಳು. ಅಕ್ಕನ ಹಣ್ಣನ್ನು ತಾನೇ ಹೊತ್ತೊಯ್ದು ಕೆಳಗಿನ ತೊಟ್ಟಿಗೆ ಹಾಕಿ ಬಂದಳು.

ಇವರನ್ನು ಅಕ್ಕನ ಮನೆಗೆ ಕರೆದೊಯ್ಯುವುದಿಲ್ಲವೆಂದು ಅಂದೇ ತೀರ್ಮಾನಿಸಿದಳು. ತನಗಾದದ್ದನ್ನು ನುಂಗಿಕೊಳ್ಳಬಹುದಿತ್ತು. ಅಕ್ಕ ಎದುರಿಗೆ ಕೂತು ಹಣ್ಣಿನ ರುಚಿ ಕೇಳುವುದನ್ನು ಮಾತ್ರ ನೋಡಲಾರದಾಗಿದ್ದಳು. ಅವರಿಗೆ ಬಿಡುವಿಲ್ಲವೆಂದು ಅಕ್ಕನಿಗೂ, ಅಕ್ಕನಿಗೆ ಜ್ವರವೆಂದು ಇವರಿಗೂ ಹೇಳಿದಳು.

ಶನಿವಾರ ಬೆಳಿಗ್ಗೆ ಅಕ್ಕನ ಹಳ್ಳಿಯ ಬಳಿ ಸೊಂಗ್ಹುವಾ ನದಿಯಿಂದ ಹಬೆ ಏಳುತ್ತಿತ್ತು. ಮೇಲಿನ ಅಣೆಕಟ್ಟಿನಿಂದ ಬರುವ ನೀರು ಅಲ್ಲಿ ಹೆಪ್ಪುಗಟ್ಟುವುದಿಲ್ಲ. ಗಾಳಿಯಿಲ್ಲದ ದಿನ ಆ ಹಬೆಯೇ ದಡದ ಮರಗಳ ಮೇಲೆ ಹಿಮದ ಹರಳಾಗಿ ಕೂರುತ್ತದೆ. ಲಿಯೊನೊರ್ ಕೊಂಬೆ ಅಲ್ಲಾಡಿಸಿ ಅಪ್ಪನ ತಲೆಯ ಮೇಲೆ ಉದುರಿಸುತ್ತಿದ್ದಳು. ಆಯಿ ಕೈ ಜೇಬಿನಲ್ಲಿಟ್ಟು ದೂರ ನಿಂತಿದ್ದಳು. ಆಗ ಮೂರು ಚಕ್ರದ ಗಾಡಿಯೊಂದು ಬಂದು ನಿಂತಿತು. ಅಕ್ಕ ಇಳಿದಳು.

"ಊಟಕ್ಕೆ ಬಿಡುವಿಲ್ಲದಿದ್ರೆ ಬೇಡ, ಮಗೂನ ಮುಖವಾದ್ರೂ ನೋಡೋಣ ಅಂತ ಬಂದೆ."

ಫಿಲಿಪಾ ಗಾಬರಿಯಾದಳು. "ಅಯ್ಯೋ ಅಕ್ಕಾ, ಈ ಚಳೀಲಿ ಬಂದ್ರಾ? ಜ್ವರ ಬಿಡ್ತಾ?"

ಅಕ್ಕ ತಂಗಿಯನ್ನು ಒಮ್ಮೆ ನೋಡಿದಳು. "ಇವಳ ಮುಖ ನೋಡಿ ಈಗ ತಾನೇ ಓಡಿಹೋಯ್ತು. ಹತ್ತಿ, ಎಲ್ರೂ ಗಾಡಿ ಹತ್ತಿ."

ಮನೆಯೊಳಗೆ, ಅಡಿಯಲ್ಲಿ ಬೆಂಕಿ ಹಾಕಿ ಬೆಚ್ಚಗಿಟ್ಟ ಇಟ್ಟಿಗೆಯ ಜಗಲಿಯ ಮೇಲೆ ಎಲ್ಲರನ್ನೂ ಕೂರಿಸಿದ ಮೇಲೆ ಅಕ್ಕ ಕೇಳಿಯೇ ಬಿಟ್ಟಳು. "ನನ್ನ ಹಣ್ಣು ಹೇಗಿತ್ತು ಪುಟ್ಟಿ?"

ಆಯಿ ನೆಲ ನೋಡಿದಳು. ಲಿಯೊನೊರ್ ಅಮ್ಮನನ್ನು ನೋಡಿದಳು. ಫಿಲಿಪಾ ಕಿವಿಯವರೆಗೂ ಕೆಂಪಾದಳು.

"ಅಕ್ಕಾ, ಅವು ದಾರೀಲಿ ಕೊಳೆತುಹೋಗಿದ್ವು. ಪೂರ್ತಿ ಕಪ್ಪಗೆ. ನಿಮ್ಗೆ ಬೇಜಾರಾಗುತ್ತೆ ಅಂತ ಯಾರಿಗೂ ಹೇಳ್ದೆ ಎಸೆದೆ."

"ಕೊಳೆತಿದ್ದಲ್ಲಮ್ಮ, ಚಳಿಗೆ ಕಪ್ಪಾಗಿದ್ದು!" ಎಂದಳು ಅಕ್ಕ. ಆಮೇಲೆ ನಗುತ್ತಾ ತಂಗಿಯ ಬೆನ್ನಿಗೊಂದು ಗುದ್ದಿದಳು. "ಹೇಗೆ ತಿನ್ಬೇಕು ಅಂತ ಹೇಳ್ಲಿಲ್ವೇನೇ, ಪೆದ್ದಿ?"

"ಹಣ್ಣು ತಿನ್ನೋದನ್ನ ಯಾರಾದ್ರೂ ಹೇಳಿಕೊಡ್ತಾರಾ?" ಎಂದಳು ಆಯಿ. 

ಅಕ್ಕ ಬೋಗುಣಿಯಲ್ಲಿ ತಣ್ಣೀರು ತಂದು ಕಪ್ಪು ಹಣ್ಣುಗಳನ್ನು ಅದರಲ್ಲಿ ಬಿಟ್ಟಳು. ಹಣ್ಣು ಒಳಗೆ ಮೆತ್ತಗಾದಂತೆ ಅದರ ಸುತ್ತ ಮಂಜುಗಡ್ಡೆಯ ಚಿಪ್ಪು ಕಟ್ಟಿತು. ಆಯಿ ಚಮಚದಿಂದ ಚಿಪ್ಪು ಒಡೆದು, ಸಿಪ್ಪೆಯ ಒಂದು ಕಡೆ ಕಚ್ಚಿ ತೂತು ಮಾಡಿ ಹುಡುಗಿಗೆ ಕೊಟ್ಟಳು. ಲಿಯೊನೊರ್ ರಸ ಹೀರಿದಳು. ಕಣ್ಣರಳಿಸಿದಳು. ಇನ್ನೊಂದಕ್ಕೆ ಕೈ ಚಾಚಿದಳು.

ಸೋಮವಾರ ಆಯಿ ಕೆಲಸಕ್ಕೆ ಬಂದಾಗ ಮೇಜಿನ ಮೇಲೆ ಉಪ್ಪು ಮೆತ್ತಿದ ಒಣಮೀನು ಇತ್ತು. ಹಲಗೆಯಷ್ಟು ಗಟ್ಟಿ. ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕು.

"ನಮ್ಮಮ್ಮ ಪೋರ್ಚುಗಲ್ಲಿಂದ ಕಳಿಸಿದ್ದು, ನಿಮ್ಮನೆಗೆ ತಗೊಂಡ್ಹೋಗಿ" ಎಂದಳು ಫಿಲಿಪಾ. "ಎರಡು ದಿನ ತಣ್ಣೀರಲ್ಲಿ ನೆನೆಸ್ಬೇಕು, ನೀರು ಬದಲಾಯಿಸ್ತಾ ಇರ್ಬೇಕು. ಆಮೇಲೇ ಬೇಯಿಸೋದು. ಗೊತ್ತಾಯ್ತಾ ಆಯಿ?"

ಆಯಿ ಮೀನನ್ನು ತಿರುಗಿಸಿ ನೋಡಿದಳು. "ಹೇಳಿದ್ದು ಒಳ್ಳೇದಾಯ್ತು. ಇಲ್ದಿದ್ರೆ ಸೀದಾ ತೊಟ್ಟಿಗೇ ಹೋಗ್ತಿತ್ತು."